ಎಲ್.ಎಸ್.ಡಿ. : ಅದರ ಪೂರ್ವೇತಿಹಾಸ ಮತ್ತು ಕಾನೂನಿನಲ್ಲಿ ಅದರ ಸ್ಥಾನ

ಮಾದಕದ್ರವ್ಯಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅಫೀಮು, ಗಾಂಜಾ, ಮದ್ಯ ಇವುಗಳ ಸುತ್ತಲೇ ತಮ್ಮ ವಿವೇಚನೆಯನ್ನು ನಡೆಸುತ್ತಾರೆ. ಇವೆಲ್ಲ ನೆಲದ ಬೆಳೆಯಿಂದ ಬಂದು, ಮಣ, ಸೇರು, ತೊಲಗಳಲ್ಲಿ ತೂಗಲ್ಪಟ್ಟು, ಸರ್ಕಾರದ ಬೊಕ್ಕಸಕ್ಕೆ ಸುಂಕವನ್ನು ತಂದ ಪದಾರ್ಥಗಳು. ಅವುಗಳನ್ನು ಕುರಿತ ಶಾಸನವೂ ತಕ್ಕಡಿಯ ಪಕ್ಕದಲ್ಲಿಯೇ ಹುಟ್ಟಿತು. ಎಲ್.ಎಸ್.ಡಿ. ಎಂಬ ಕೃತಕ ದ್ರವ್ಯವು ಈ ಜಾತಿಗೆ ಸೇರಿದುದಲ್ಲ. ಒಬ್ಬ ಮನುಷ್ಯನ ಚಿತ್ತವೃತ್ತಿಯನ್ನು ಹಲವು ಗಂಟೆಗಳ ಕಾಲ ಬುಡಮೇಲು ಮಾಡಲು ಅದರ ಸುಮಾರು 100 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು ಸಾಕು. ಈ ಅತ್ಯಲ್ಪತೆಯೇ ಅದರ ಆವಿಷ್ಕಾರಕ್ಕೂ ವೈದ್ಯಕೀಯ ಬಳಕೆಗೂ ರೂಪವನ್ನು ಕೊಟ್ಟಿತೆಂದೂ, ತೂಕವನ್ನೇ ನೆಚ್ಚಿದ ಕಾನೂನು ಅದರ ಮುಂದೆ ತೊಡಕಿಗೆ ಸಿಕ್ಕಿತೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಯೂರೋಪಿನ ರೈ ಎಂಬ ಧಾನ್ಯದ ತೆನೆಗೆ ಎರ್ಗಟ್ ಎಂಬ ಬೂಷ್ಟು ಹತ್ತುತ್ತದೆ. (ನಮ್ಮ ಸಜ್ಜೆಯ ತೆನೆಗೆ ಹತ್ತುವುದೂ ಇದೇ ಕುಲದ ಬೇರೊಂದು ಬೂಷ್ಟು.) ಮಧ್ಯಯುಗದಲ್ಲಿ ಈ ಬೂಷ್ಟು ಬೆರೆತ ಹಿಟ್ಟಿನ ರೊಟ್ಟಿಯನ್ನು ತಿಂದವರ ಕೈಕಾಲುಗಳು ಉರಿದು, ಕಪ್ಪಿಟ್ಟು, ಕಳಚಿ ಬೀಳುತ್ತಿದ್ದವು, ಜನರು ಆ ವ್ಯಾಧಿಯನ್ನು ಸಂತ ಅಂತೋನಿಯ ಬೆಂಕಿಯೆಂದು ಕರೆದರು. ಆದರೆ ಅದೇ ಎರ್ಗಟ್ಟನ್ನು ಸೂಲಗಿತ್ತಿಯರು ಹೆರಿಗೆಯ ಮದ್ದಾಗಿ ಬಳಸುತ್ತಿದ್ದುದೂ ಉಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯಲ್ಲಿ ಆರ್ಥರ್ ಸ್ಟೋಲ್ 1918ರಲ್ಲಿ ಎರ್ಗಟ್ಟಿನಿಂದ ಎರ್ಗೊಟಮೀನ್ ಎಂಬ ಕ್ಷಾರಸತ್ತ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದನು. ಇಂಥ ಕ್ಷಾರಸತ್ತ್ವಗಳಿಗೆ ಮೂಲವಾದ ಲೈಸರ್ಜಿಕ್ ಆಮ್ಲವನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜೇಕಬ್ಸ್ ಮತ್ತು ಕ್ರೇಗ್ ಎಂಬುವರು 1930ರ ದಶಕದಲ್ಲಿ ಗುರುತಿಸಿದರು. ಸ್ಟೋಲನ ಕೈಕೆಳಗಿದ್ದ ಆಲ್ಬರ್ಟ್ ಹಾಫ್‌ಮನ್, ರಕ್ತಪರಿಚಲನೆಯನ್ನೂ ಉಸಿರಾಟವನ್ನೂ ಉತ್ತೇಜಿಸುವ ಔಷಧವೊಂದನ್ನು ಅರಸುತ್ತ, 1938ರಲ್ಲಿ ಈ ಆಮ್ಲದಿಂದ ಇಪ್ಪತ್ತೈದನೆಯ ಸಂಯುಕ್ತವನ್ನು ತಯಾರಿಸಿದನು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ವಿಶೇಷವೇನೂ ಕಾಣದ್ದರಿಂದ ಅದನ್ನು ಬದಿಗಿರಿಸಲಾಯಿತು.

ಐದು ವರ್ಷಗಳ ತರುವಾಯ, 1943ರ ಏಪ್ರಿಲ್ 16ರಂದು, ಅದನ್ನು ಮರಳಿ ತಯಾರಿಸುವಾಗ ಆತನಿಗೆ ವಿಚಿತ್ರವಾದ ತಲೆಸುತ್ತೂ ಕಣ್ಣುಮುಚ್ಚಿದೊಡನೆ ಬಣ್ಣಗಳ ಹೊನಲೂ ತೋರಿದವು. ಕೈಗೆ ತಗುಲಿರಬಹುದಾದ ಕಣಮಾತ್ರದಿಂದ ಇಷ್ಟಾಗುವುದೇ ಎಂಬ ಸಂಶಯದಿಂದ ಮೂರು ದಿನಗಳ ಮೇಲೆ ಆತನೇ 0.25 ಮಿಲಿಗ್ರಾಂ ಸೇವಿಸಿದನು. ಅದು ಎಚ್ಚರಿಕೆಯ ಪ್ರಮಾಣವೆಂದೇ ಆತನ ಎಣಿಕೆ. ವಾಸ್ತವವಾಗಿ ಅದು ಸಾಕಾಗುವುದರ ಎರಡು ಪಟ್ಟನ್ನು ಮೀರಿತ್ತು. ಯುದ್ಧಕಾಲದ ನಿರ್ಬಂಧದಿಂದ ಮೋಟಾರು ದೊರೆಯದೆ ಸೈಕಲ್ಲಿನಲ್ಲಿ ಮನೆ ಸೇರಿದ ಆತನ ಕಥೆ ಸುಪ್ರಸಿದ್ಧವಾಗಿದೆ. ಇತಿಹಾಸಕಾರನಿಗೆ ಸೈಕಲ್ಲಿಗಿಂತ ಆ ತಪ್ಪಿದ ಲೆಕ್ಕವೇ ಮುಖ್ಯ.

1947ರಲ್ಲಿ ಜ್ಯೂರಿಕ್ಕಿನ ಮಾನಸಿಕ ಚಿಕಿತ್ಸಾಲಯದಿಂದ ವರ್ನರ್ ಸ್ಟೋಲ್, ಅಂದರೆ ಆರ್ಥರ್ ಸ್ಟೋಲನ ಮಗ, ಮನುಷ್ಯರ ಮೇಲಿನ ಪ್ರಯೋಗಗಳ ಮೊದಲ ವರದಿಯನ್ನು ಪ್ರಕಟಿಸಿದನು. ಕಂಪನಿಯು ದ್ರವ್ಯವನ್ನು 'ಡೆಲಿಸಿಡ್' ಎಂಬ ಹೆಸರಿನಿಂದ ವೈದ್ಯರಿಗೂ ಸಂಶೋಧಕರಿಗೂ ಒದಗಿಸಿತು. ಇಷ್ಟು ಅಲ್ಪವಾದ ವಸ್ತು ಬುದ್ಧಿಯನ್ನು ಕದಡಬಲ್ಲುದಾದರೆ ಉನ್ಮಾದಕ್ಕೂ ಮಿದುಳಿನ ರಸಾಯನದಲ್ಲಿಯೇ ಕಾರಣವಿರಬಹುದೆಂಬ ಊಹೆ ವಿದ್ವಾಂಸರಲ್ಲಿ ಬಲವಾಯಿತು. 1954ರಲ್ಲಿ ವೂಲಿ ಮತ್ತು ಶಾ ಎಂಬುವರು ಸಿರೊಟೋನಿನ್ ಎಂಬ ದೇಹಜನ್ಯ ವಸ್ತುವಿನೊಡನೆ ಈ ವಿಚಾರವನ್ನು ಜೋಡಿಸಿದರು. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಹಂಫ್ರಿ ಆಸ್ಮಂಡ್, ಏಬ್ರಾಮ್ ಹಾಫರ್ ಇವರು ಕುಡಿತದ ಚಟವುಳ್ಳವರಿಗೆ ಇದನ್ನು ಕೊಟ್ಟು ನೋಡಿದರು. 'ಸೈಕೆಡೆಲಿಕ್' ಎಂಬ ಪದವನ್ನು 1956ರಲ್ಲಿ ಸೃಷ್ಟಿಸಿದವನು ಈ ಆಸ್ಮಂಡನೇ. 1960ರಲ್ಲಿ ಸಿಡ್ನಿ ಕೋಹೆನ್ ಸುಮಾರು 5,000 ಜನರಿಗೆ 25,000 ಸಲ ಕೊಟ್ಟ ವಿವರಗಳನ್ನು ಒಟ್ಟುಗೂಡಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿ ತೀವ್ರವಾದ ಅನಾಹುತಗಳು ವಿರಳವೆಂದು ಹೇಳಿದನು. ಎರಡೇ ವರ್ಷಗಳಲ್ಲಿ ಮೇಲ್ವಿಚಾರಣೆಯಿಲ್ಲದ ಬಳಕೆಯನ್ನು ಕುರಿತು ಎಚ್ಚರಿಕೆ ನೀಡಿದವನೂ ಅವನೇ ಎಂಬುದನ್ನು ಇಂದಿನ ಪಕ್ಷಪಾತಿಗಳು, ಅತ್ತಣವರಾಗಲಿ ಇತ್ತಣವರಾಗಲಿ, ನೆನೆಯುವುದು ಕಡಮೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ವಸ್ತುವನ್ನು ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿ.ಐ.ಎ. 1953ರಲ್ಲಿ ಆರಂಭವಾದ ತನ್ನ ಎಂ.ಕೆ. ಅಲ್ಟ್ರಾ ಯೋಜನೆಯಲ್ಲಿ ಅರಿಯದ ಜನರಿಗೂ ಉಣಿಸಿತು. 1973ರಲ್ಲಿ ಕಡತಗಳಲ್ಲಿ ಬಹುಪಾಲು ನಾಶವಾದುವು.

ಕಾನೂನು ಬಂದುದರಿಂದ ಸಂಶೋಧನೆ ನಿಂತಿತೆಂಬ ಸಾಮಾನ್ಯ ನಂಬಿಕೆ ಕಾಲಾನುಕ್ರಮಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಥಾಲಿಡೊಮೈಡ್ ದುರಂತದ ತರುವಾಯ 1962ರಲ್ಲಿ ಅಮೆರಿಕವು ಎಲ್ಲ ಹೊಸ ಔಷಧಗಳ ಪರೀಕ್ಷೆಯನ್ನೂ ಬಿಗಿಗೊಳಿಸಿತು. 1965ರ ಆಗಸ್ಟ್‌ನಲ್ಲಿ ಸ್ಯಾಂಡೋಜ್ ತಾನಾಗಿಯೇ ಪೂರೈಕೆಯನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯದ ನಿಷೇಧ ಜಾರಿಗೆ ಬಂದುದು 1966ರ ಅಕ್ಟೋಬರ್ 6ರಂದು. ಇಡೀ ಅಮೆರಿಕದಲ್ಲಿ ಕೇವಲ ಇರಿಸಿಕೊಳ್ಳುವುದೂ ಅಪರಾಧವಾದುದು 1968ರಲ್ಲಿ. 1970ರ ಅಧಿನಿಯಮವು ಅದನ್ನು ಮೊದಲನೆಯ ಅನುಸೂಚಿಯಲ್ಲಿ ಸೇರಿಸಿತು. 1971ರ ಫೆಬ್ರವರಿ 21ರಂದು ವಿಯೆನ್ನಾದಲ್ಲಿ ಆದ ಮನೋಪ್ರಭಾವಕ ದ್ರವ್ಯಗಳ ಒಡಂಬಡಿಕೆಯೂ ಹಾಗೆಯೇ ಮಾಡಿ, ವೈಜ್ಞಾನಿಕ ಮತ್ತು ತೀರ ಮಿತವಾದ ವೈದ್ಯಕೀಯ ಉದ್ದೇಶಗಳನ್ನು ಬಿಟ್ಟು ಉಳಿದೆಲ್ಲ ಬಳಕೆಯನ್ನೂ ನಿಷೇಧಿಸಿತು. ಆ ಸಭೆಯಲ್ಲಿ ನಿದ್ರಾಜನಕ ಗುಳಿಗೆಗಳ ಪರವಾಗಿ ಔಷಧೋದ್ಯಮದ ದೇಶಗಳು ವಾದಿಸಿದುವು; ಎಲ್.ಎಸ್.ಡಿ.ಯ ಪರವಾಗಿ ವಾದಿಸಲು ಅಂದು ಯಾವ ಉದ್ಯಮಕ್ಕೂ ಲಾಭದ ಕಾರಣವಿರಲಿಲ್ಲ.

ಭಾರತವು 1975ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿತು. ಆದರೆ ನಮ್ಮಲ್ಲಿ ಆಗ ಇದ್ದುದು 1857 ಮತ್ತು 1878ರ ಅಫೀಮು ಅಧಿನಿಯಮಗಳೂ 1930ರ ಅಪಾಯಕಾರಿ ದ್ರವ್ಯಗಳ ಅಧಿನಿಯಮವೂ ಮಾತ್ರ. ಇವುಗಳನ್ನು ರದ್ದುಗೊಳಿಸಿದ 1985ರ ಅಧಿನಿಯಮದ ಮನೋಪ್ರಭಾವಕ ದ್ರವ್ಯಗಳ ಪಟ್ಟಿಯಲ್ಲಿ ಎಲ್.ಎಸ್.ಡಿ. ಸೇರಿತು. 2001ರ ತಿದ್ದುಪಡಿಯು ಶಿಕ್ಷೆಯನ್ನು ಪ್ರಮಾಣಕ್ಕೆ ತಕ್ಕಂತೆ ಶ್ರೇಣೀಕರಿಸಿತು. ಹೆರಾಯಿನ್ನಿಗೆ 'ಅಲ್ಪ ಪ್ರಮಾಣ'ದ ಮಿತಿ 5 ಗ್ರಾಂ, 'ವಾಣಿಜ್ಯ ಪ್ರಮಾಣ'ದ ಮಿತಿ 250 ಗ್ರಾಂ ಎಂದೂ, ಎಲ್.ಎಸ್.ಡಿ.ಗೆ ಕ್ರಮವಾಗಿ 0.002 ಗ್ರಾಂ ಮತ್ತು 0.1 ಗ್ರಾಂ ಎಂದೂ ನಿಗದಿಯಾಯಿತು. ಶುದ್ಧ ದ್ರವ್ಯದ ಲೆಕ್ಕದಲ್ಲಿ ಇದು ಅಸಂಗತವೇನಲ್ಲ: ತಲಾ 100 ಮೈಕ್ರೋಗ್ರಾಮಿನಂತೆ ಎಣಿಸಿದರೆ ಮೊದಲನೆಯದು ಇಪ್ಪತ್ತು ಸೇವನೆಗಳಿಗೆ, ಎರಡನೆಯದು ಸಾವಿರ ಸೇವನೆಗಳಿಗೆ ಸಮ.

ತೊಡಕಿರುವುದು ಕಾಗದದಲ್ಲಿ. ಈ ದ್ರವ್ಯವನ್ನು ಹೀರುಕಾಗದದಲ್ಲಿ ನೆನೆಸಿ, ಸಣ್ಣ ಚೌಕಗಳಾಗಿ ಕತ್ತರಿಸಿ ಮಾರುತ್ತಾರೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ 1991ರಲ್ಲಿ ಬಂದ ಮೊಕದ್ದಮೆಯೊಂದರಲ್ಲಿ ಸಾವಿರ ಚೌಕಗಳ ಒಟ್ಟು ತೂಕ 5.7 ಗ್ರಾಂ, ಅದರಲ್ಲಿ ಶುದ್ಧ ದ್ರವ್ಯ ಕೇವಲ ಸುಮಾರು 50 ಮಿಲಿಗ್ರಾಂ. ಒಂದು ಗ್ರಾಮಿಗೆ ಕನಿಷ್ಠ ಐದು ವರ್ಷಗಳ ಸೆರೆಯನ್ನು ವಿಧಿಸಿದ್ದ 1986ರ ಶಾಸನದಂತೆ ಕಾಗದವನ್ನೂ ಕೂಡಿಸಿ ತೂಗತಕ್ಕದ್ದೆಂದು ಬಹುಮತದ ತೀರ್ಪಾಯಿತು. ಅದೇ ದ್ರವ್ಯವು ಸಕ್ಕರೆಯ ಗಟ್ಟಿಯಲ್ಲಿದ್ದರೆ ಶಿಕ್ಷೆ ಇನ್ನೂ ಹೆಚ್ಚುವುದೆಂಬ ಅಸಂಬದ್ಧತೆಯನ್ನು ಭಿನ್ನಮತದ ನ್ಯಾಯಮೂರ್ತಿಗಳು ಎತ್ತಿತೋರಿಸಿದರು. 1993ರಲ್ಲಿ ಅಲ್ಲಿಯ ಶಿಕ್ಷಾ ಆಯೋಗವು ತನ್ನ ನಿಯಮಾವಳಿಯಲ್ಲಿ ಕಾಗದದ ತೂಕವನ್ನು ಕೈಬಿಟ್ಟು, ಒಂದು ಸೇವನೆಗೆ 0.4 ಮಿಲಿಗ್ರಾಂ ಎಂದು ಗೊತ್ತುಮಾಡಿತು. ಶಾಸನದ ಕನಿಷ್ಠ ಶಿಕ್ಷೆಗೆ ಮಾತ್ರ ಹಳೆಯ ಲೆಕ್ಕವೇ ಉಳಿಯಿತು.

ನಮ್ಮ ದೇಶದಲ್ಲಿಯೂ ಇದೇ ದಾರಿ. ಶುದ್ಧ ದ್ರವ್ಯದ ಅಂಶವೊಂದೇ ಗಣನೀಯವೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆರಾಯಿನ್ನಿನ ಮೊಕದ್ದಮೆಯೊಂದರಲ್ಲಿ ಹೇಳಿತು. 2009ರ ಅಧಿಸೂಚನೆಯು ಮಿಶ್ರಣದ ಪೂರ್ಣ ತೂಕವನ್ನು ಎಣಿಸಬೇಕೆಂದಿತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದ ತ್ರಿಸದಸ್ಯ ಪೀಠವು ಅದನ್ನು ಎತ್ತಿಹಿಡಿದು ಹಳೆಯ ತೀರ್ಪನ್ನು ತಳ್ಳಿಹಾಕಿತು. ಹೆರಾಯಿನ್ನಿಗೆ ಇದರಲ್ಲಿ ನ್ಯಾಯವಿರಬಹುದು. ಬೀದಿಯಲ್ಲಿ ಮಾರುವ ಪುಡಿ ಬೆರಕೆಯದೇ ತಾನೆ. ಆದರೆ ಮೇಲೆ ಹೇಳಿದ ಅಮೆರಿಕದ ಚೌಕಗಳನ್ನೇ ನಮ್ಮ ತಕ್ಕಡಿಯಲ್ಲಿಟ್ಟು ನೋಡಬಹುದು. ಒಂದೊಂದರ ತೂಕ 5.7 ಮಿಲಿಗ್ರಾಂ. ಆದಕಾರಣ ಒಂದೇ ಚೌಕವು ಅಲ್ಪ ಪ್ರಮಾಣದ ಮಿತಿಯನ್ನು ದಾಟುತ್ತದೆ. ಹದಿನೆಂಟು ಚೌಕಗಳು ವಾಣಿಜ್ಯ ಪ್ರಮಾಣವಾಗುತ್ತವೆ: ಕನಿಷ್ಠ ಹತ್ತು ವರ್ಷಗಳ ಸೆರೆ, ಜಾಮೀನಿಗೆ 37ನೆಯ ಪ್ರಕರಣದ ಕಠಿಣ ತಡೆ. ಆ ಹದಿನೆಂಟರಲ್ಲಿರುವ ಶುದ್ಧ ದ್ರವ್ಯವನ್ನಷ್ಟೇ ತೂಗಿದರೆ 0.9 ಮಿಲಿಗ್ರಾಂ ಮಾತ್ರ. ಆಗ ಅದು ಗರಿಷ್ಠ ಒಂದು ವರ್ಷದ ಶಿಕ್ಷೆಯುಳ್ಳ ಅಪರಾಧ. ಕಾಗದವು ದ್ರವ್ಯದ ಅವಿಭಾಜ್ಯ ಅಂಗವೆಂದು ಮುಂಬಯಿ ಉಚ್ಚ ನ್ಯಾಯಾಲಯದ 2021ರ ತೀರ್ಪೊಂದು ಹೇಳಿತು. ಕಾಗದ ಕೇವಲ ವಾಹಕ, ಮಿಶ್ರಣವಲ್ಲ ಎಂಬ ವಾದವನ್ನು ಒಪ್ಪಿದ ತೀರ್ಪುಗಳೂ ಉಂಟು. 2009ರ ಅಧಿಸೂಚನೆಯು ಮಿಶ್ರಣವನ್ನೂ ದ್ರಾವಣವನ್ನೂ ಹೆಸರಿಸುತ್ತದೆ. ಕಾಗದವೆಂಬ ಮಾತು ಅದರಲ್ಲಿ ಇಲ್ಲ.