ಕೆರೆ ಕಟ್ಟಿದವರು, ಕೆರೆ ಕಾಯ್ದವರು



ನಮ್ಮ ಉತ್ತರಹಳ್ಳಿಯ ದೊರೆಕೆರೆಯ ದಡದಲ್ಲಿ ಮುಂಜಾನೆ ನಡೆದಾಡುವ ಭಕ್ತರು ಅನೇಕರು. ಈ ಸೀಮೆಯಲ್ಲಿ ಮಹಾನದಿಯಿಲ್ಲ. ದಿಬ್ಬಗಳಿಂದ ಇಳಿಯುವ ಮಳೆನೀರನ್ನು ಏರಿಯಿಂದ ತಡೆದು, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವಂತೆ ಸಾಲಾಗಿ ಕಟ್ಟಿದ್ದೇ ಹಿರಿಯರ ಜಲವಿದ್ಯೆ.

ಕೆರೆಯೆಂದೊಡನೆ ಶರಣರಿಗೆ ನೆನಪಾಗುವವರು ಸೊನ್ನಲಿಗೆಯ ಸಿದ್ಧರಾಮೇಶ್ವರರು. 12ನೆಯ ಶತಮಾನದಲ್ಲಿ ಅವರು ಕಟ್ಟಿಸಿದ ಕೆರೆ ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಒಡ್ಡರಾಮನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಪ್ರಭುಗಳ ಆಕ್ಷೇಪ ಕೆರೆಯ ಮೇಲಲ್ಲ, ಕಟ್ಟಿಸಿದೆನೆಂಬ ಭಾವದ ಮೇಲೆ ಎಂದೇ ನಮ್ಮ ತಿಳಿವು. ಮಣ್ಣು ಕಲ್ಲುಗಳ ಕಾಯಕದ ಭೋವಿ ಬಂಧುಗಳು ಸಿದ್ಧರಾಮರನ್ನು ಇಂದಿಗೂ ಗುರುವೆಂದು ಪೂಜಿಸುತ್ತಾರೆ. ಅವರ ಕೈಗುಣವಿಲ್ಲದೆ ಈ ನಾಡಿನ ಎಷ್ಟೋ ಏರಿಗಳು ನಿಲ್ಲುತ್ತಿರಲಿಲ್ಲ.

ಆದರೆ ಕಟ್ಟಿದ ಕೆರೆಯನ್ನು ಕಾಯುವುದು ಬೇರೆಯೇ ಕಾಯಕ. ನಮ್ಮ ಶಾಸನಗಳು ಇದನ್ನು ಚೆನ್ನಾಗಿ ಬಲ್ಲವು. ಕೆರೆಯ ಪಾಲನೆಗೆಂದು ಬಿಟ್ಟ ಭೂಮಿಗೆ, ಇಲ್ಲವೇ ಫಸಲಿನ ಪಾಲಿಗೆ ಬಿತ್ತುವಟ್ಟವೆಂದು ಹೆಸರು; ಕೆರೆ ಕಟ್ಟಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿದವನಿಗೆ ಸಲ್ಲುವ ಮಾನ್ಯಭೂಮಿ ಕಟ್ಟುಗೊಡಗೆ. ತೂಬು ತೆರೆದು ಗದ್ದೆಗದ್ದೆಗೂ ನೀರು ಹಂಚುವ ನೀರುಗಂಟಿಗೆ ರೈತರು ಸುಗ್ಗಿಯಲ್ಲಿ ಧಾನ್ಯ ಅಳೆಯುತ್ತಿದ್ದರು. ಬೇಸಿಗೆಯಲ್ಲಿ ತೆಗೆದ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ಕುಡಿಯುವ ನೀರನ್ನು ಎಷ್ಟೋ ಊರುಗಳಲ್ಲಿ ನೇರವಾಗಿ ಕೆರೆಯಿಂದ ತಾರದೆ ಏರಿಯ ಕೆಳಗಣ ಬಾವಿಯಿಂದ ಸೇದುತ್ತಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ಮಣ್ಣೇ ನೀರನ್ನು ಸೋಸಿರುತ್ತಿತ್ತು. ಕಲಕಿದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿ ತಿಳಿಯಾಗಿಸುತ್ತಿದ್ದರು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಬಾವಿನೀರಿನ ಶುದ್ಧಿಗೆ ಹೇಳಿರುವ ಕತಕ ಇದೇ. (ಕೆಸರು ಕೆಳಗಿಳಿದ ಮಾತ್ರಕ್ಕೆ ರೋಗಾಣುಗಳೆಲ್ಲ ಅಳಿದವೆಂದು ತಿಳಿಯಬಾರದು, ಕುದಿಸಿಯೇ ಕುಡಿಯಬೇಕು.)

1974ರಲ್ಲಿ ಬೆಂಗಳೂರಿಗೆ ಕಾವೇರಿ ಬಂದಳು. ಸುತ್ತಣ ಹಳ್ಳಿಗಳ ಅಚ್ಚುಕಟ್ಟುಗಳು ಕ್ರಮೇಣ ಬಡಾವಣೆಗಳಾದವು. ಗದ್ದೆಯೇ ಇಲ್ಲದ ಮೇಲೆ ನೀರುಗಂಟಿಗೆ ಧಾನ್ಯ ಅಳೆಯುವವರಾರು? ಇತ್ತ ಮಳೆಯ ನಡೆಯೂ ಬದಲಾಗುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ನಗರದ ಹಲವು ಬಡಾವಣೆಗಳು ಜಲಾವೃತವಾದವು. 2023ರ ಬರದ ಬಳಿಕ, 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರಿಗಾಗಿ ಕಾದು ನಿಂತರು. ಒಮ್ಮೆಗೇ ಸುರಿದು ಆಮೇಲೆ ಮುಖ ತೋರದ ಇಂಥ ಮಳೆಯನ್ನು ಹಿಡಿದಿಡಲೆಂದೇ ಕೆರೆಗಳ ಸಾಲು ಹುಟ್ಟಿದ್ದು. ಕೆರೆಯ ಅಂದ ಹೆಚ್ಚಿಸುವ ಕಾಮಗಾರಿಗೆ ಇಂದು ಹಣ ದೊರೆಯುತ್ತದೆ. ಕಾಮಗಾರಿ ಮುಗಿದ ಮರುವರ್ಷ ಕಾಲುವೆಗೆ ಚರಂಡಿ ಸೇರದಂತೆ ಕಾಯುವವನಿಗೆ ಸಲ್ಲಬೇಕಾದ ಬಿತ್ತುವಟ್ಟ ಯಾವುದೆಂದು, ದಡದ ಮೇಲೆ ನಡೆದಾಡುವ ನಾವು ಇನ್ನೂ ಕೇಳಿಕೊಂಡಿಲ್ಲ.