ಒಂದು ಚದುರಂಗದಾಟಕ್ಕೆ ಟೀಕು

ಹಳಗನ್ನಡ ಪದ್ಯಗಳಿಗೆ ಟೀಕು ಹೇಳುವುದು ನನ್ನ ಹೊಟ್ಟೆಪಾಡು. ಚದುರಂಗ ಬಿಡುವಿನ ಚಟ. ಎರಡನ್ನೂ ಕೂಡಿಸುವ ಚಪಲದಿಂದ ಈಚೆಗೆ ಒಂದು ರಾತ್ರಿ, ಹೆಸರಾದ ಹಳೆಯ ಆಟವೊಂದಕ್ಕೆ ಟಿಪ್ಪಣಿ ಬರೆಯಲು ಕುಳಿತೆ.

ಆಟ ನಡೆದದ್ದು 1924ರ ಮಾರ್ಚ್ 22ರಂದು, ನ್ಯೂಯಾರ್ಕಿನ ಪಂದ್ಯಕೂಟದಲ್ಲಿ. ಬಿಳಿಯ ಕಾಯಿಗಳನ್ನು ಆಡಿದವನು ಚೆಕೊಸ್ಲೊವಾಕಿಯದ ರಿಚರ್ಡ್ ರೇಟಿ. ಕರಿಯ ಕಾಯಿಗಳನ್ನು ಆಡಿದವನು ಕ್ಯೂಬಾದ ಕಾಪಬ್ಲಾಂಕಾ. ಈತ 1921ರಿಂದ ಜಗಜ್ಜೇತ. ಅಂದಿಗೆ 8 ವರ್ಷಗಳಿಂದ ಪಂದ್ಯಗಳಲ್ಲಿ ಒಂದು ಆಟವನ್ನೂ ಸೋತವನಲ್ಲ. ಅಂಥವನು 31ನೆಯ ನಡೆಗೆ ಸೋಲೊಪ್ಪಿಕೊಂಡ.

ಪಟದ ನಡುವಣ ಮನೆಗಳನ್ನು ಮೊದಲು ಪದಾತಿಗಳಿಂದ ಹಿಡಿಯಬೇಕೆಂಬುದು ಹಿಂದಿನವರ ಶಾಸ್ತ್ರ. ರೇಟಿ ಪಕ್ಕದಿಂದ ಬಂದ. ಮೊದಲ ನಡೆಗೆ ರಾಜನ ಕಡೆಯ ಕುದುರೆ; ಮೂರನೆಯ ನಡೆಗೆ ಮಂತ್ರಿಯ ಕಡೆಯ ಕುದುರೆಯ ಮುಂದಿನ ಪದಾತಿ ಎರಡು ಮನೆ. ಬಳಿಕ ಒಂಟೆಗಳೆರಡೂ ಎರಡು ಪಕ್ಕಗಳಲ್ಲಿ ಕುಳಿತು ನಡುಮನೆಗಳನ್ನು ಓರೆಯಾಗಿ ದಿಟ್ಟಿಸಿದವು. 16ನೆಯ ನಡೆಗಷ್ಟೇ ಮಂತ್ರಿಯ ಪದಾತಿ ಮುಂದೊತ್ತಿ ಕರಿಯವನನ್ನು ನಡುವಿನಲ್ಲಿ ಕೆಣಕಿತು.

ನನ್ನ ಮೊದಲ ಕರಡಿನಲ್ಲಿ ಬಿಳಿಯ ನಡೆಗಳೆಲ್ಲ ‘ದೂರದೃಷ್ಟಿ’, ಕರಿಯ ನಡೆಗಳೆಲ್ಲ ‘ಪ್ರಮಾದ’ ಎಂದಾಗಿತ್ತು. ಬೆಳಗ್ಗೆ ಓದಿ ನೋಡಿದಾಗ ನನಗೇ ನಾಚಿಕೆಯಾಯಿತು. ಗೆದ್ದವನು ಯಾರೆಂದು ಮೊದಲೇ ತಿಳಿದು ಬರೆದ ಟೀಕು ಅದು. ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದರೆ ಕೆಂಪು ಗೀಟು ಎಳೆಯುತ್ತಿದ್ದೆ.

ಮತ್ತೆ ಪಟ ಹಾಸಿ 15ನೆಯ ನಡೆಯಲ್ಲಿ ಆಟವನ್ನು ನಿಲ್ಲಿಸಿದೆ. ಎರಡು ಕಡೆಯಲ್ಲೂ ಒಂದು ಕಾಯಿ ಬಿದ್ದಿಲ್ಲ. ಕರಿಯ ಪದಾತಿ ನಡುಮನೆಯಲ್ಲಿ ಕಾಲೂರಿ ನಿಂತಿದೆ. ಇಲ್ಲಿ ಸೋಲು ಎಲ್ಲಿದೆ? ಕೇಡು ಮೊಳೆತದ್ದು ಆಮೇಲೆ. 20ನೆಯ ನಡೆಗೆ ಕರಿಯ ಮಂತ್ರಿ ಪದಾತಿಯೊಂದನ್ನು ಕಡಿಯಿತು. 23ರಲ್ಲಿ ಬಿಳಿಯ ಆನೆ ಅದಕ್ಕೆ ಪ್ರತಿಯಾಗಿ ಒಂದನ್ನು ಕಡಿದು, ಕರಿಯ ಪಾಳೆಯದೊಳಗೇ ಬೀಡುಬಿಟ್ಟಿತು. ಮುಂದೆ ಮಂತ್ರಿ ಅತ್ತಿತ್ತ ಅಲೆದು, 23ರಲ್ಲಿ ನಿಂತಿದ್ದ ಮನೆಗೇ 28ರಲ್ಲಿ ಮರಳಿ ಬಂದು ಅಲ್ಲಿಯೇ ಸಿಕ್ಕಿಬಿತ್ತು. ಕೊನೆಗೆ ಎರಡು ಕಡೆಯ ಕಾಯಿಗಳ ಲೆಕ್ಕ ಸಮವೇ. ಆದರೆ ಮಂತ್ರಿಗೆ ಕ್ಷೇಮದ ಮನೆ ಒಂದೂ ಉಳಿದಿರಲಿಲ್ಲ.

ಪಕ್ಕದಿಂದ ಬಂದ ಆರಂಭವೇ ಗೆಲ್ಲಿಸಿತೆಂಬುದು ಆದ್ದರಿಂದ ಅರ್ಧ ಮಾತು. ಅದೇ ಕೂಟದಲ್ಲಿ ರೇಟಿ ನಿಂತದ್ದು 5ನೆಯ ಸ್ಥಾನದಲ್ಲಿ. ಕಾಪಬ್ಲಾಂಕಾ ಈ ಒಂದೇ ಆಟವನ್ನು ಸೋತು 2ನೆಯವನಾದ.

ಆ ಕೂಟದ ಪುಸ್ತಕಕ್ಕೆ ಟಿಪ್ಪಣಿ ಬರೆದವನು 3ನೆಯ ಸ್ಥಾನದಲ್ಲಿ ನಿಂತ ಅಲೆಖೀನ್. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಬ್ಲಾಂಕಾನಿಂದ ಜಗಜ್ಜೇತನ ಪಟ್ಟವನ್ನು ಕಸಿದುಕೊಂಡವನೂ ಅವನೇ. ಅವನಿಗೆ ಟೀಕು ಬರೆಯುವುದೆಂದರೆ ಎದುರಾಳಿಯ ಮನಸ್ಸನ್ನು ಓದುವುದೂ ಆಗಿದ್ದಿರಬೇಕೆಂದು ನನ್ನ ಊಹೆ. ನನಗೆ ಅಂಥ ಪಟ್ಟದ ಆಸೆಯಿಲ್ಲ. ಓದುವುದನ್ನು ಸರಿಯಾಗಿ ಓದಿದರೆ ಸಾಕು.

ಕರಡನ್ನು ಹರಿದು, ಫಲವನ್ನು ಬರೆದಿದ್ದ ಕೊನೆಯ ಸಾಲಿನ ಮೇಲೆ ಒಂದು ಕಾಗದವನ್ನಿಟ್ಟು, ಮೊದಲಿನಿಂದ ತೊಡಗಿದೆ. ಈಗ 15ನೆಯ ನಡೆಯ ಎದುರು ಹೀಗೆ ಬರೆದಿದ್ದೇನೆ: ‘ಇಬ್ಬರಿಗೂ ಸಮ.’