ಎಳೆಹೂಟೆ: ಪದದ ಅರ್ಥ, ಪದದ ಕಾಲ

ಬಿಜ್ಜಳನ ಆಳ್ವಿಕೆಯ ಕೊನೆಯಲ್ಲಿ ಕಲ್ಯಾಣದ ಶರಣರಾದ ಹರಳಯ್ಯ, ಮಧುವರಸರಿಗೆ ಆಯಿತೆನ್ನುವ ಶಿಕ್ಷೆಯ ಹೆಸರು ಎಳೆಹೂಟೆ. ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ, ಬೀದಿಯಲ್ಲಿ ಎಳೆಸಿ ಕೊಲ್ಲುವುದೆಂದು ಅದನ್ನು ಈಗ ವಿವರಿಸುತ್ತೇವೆ. ಆದರೆ ಪದವನ್ನು ಬಿಡಿಸಿದರೆ ಒಳಗೆ ಆನೆಯೂ ಇಲ್ಲ, ಕಣ್ಣೂ ಇಲ್ಲ. ಹೂಟೆ ಎಂಬುದು ಹೂಡು ಧಾತುವಿನಿಂದ ಬಂದದ್ದು. ಕೂಡು ಕೂಟವಾದಂತೆ, ಓಡು ಓಟವಾದಂತೆ ಇಲ್ಲಿಯೂ ಡಕಾರ ಟಕಾರವಾಗಿದೆ. ಉಳುವವರ ಮಾತಿನಲ್ಲಿ ಹೂಟೆಯೆಂದರೆ ಎತ್ತುಗಳ ಹೆಗಲಿಗೆ ನೊಗವಿಟ್ಟು, ಮಿಣಿ ಬಿಗಿದು, ನೇಗಿಲು ಎಳೆಸುವ ಕೆಲಸ. ನೇಗಿಲು ಇರಬೇಕಾದ ಕಡೆ ಮನುಷ್ಯನನ್ನು ಕಟ್ಟಿದರೆ ಅದು ಎಳೆಹೂಟೆ. ಎಳೆಯುವ ಪ್ರಾಣಿ ಯಾವುದೆಂದು ಪದ ಹೇಳುವುದಿಲ್ಲ. ಅರಮನೆಯ ದಂಡನೀತಿಗಿಂತ ಹೊಲದ ಅನುಭವವೇ ಈ ಹೆಸರನ್ನು ಕೊಟ್ಟಿದೆ ಎಂಬುದು ನನ್ನ ವಾದ.

ಎಳೆಗರು, ಎಳೆನೀರು ಎಂಬಲ್ಲಿರುವ ಎಳೆಯೇ ಇಲ್ಲಿಯೂ ಇರಬಾರದೇಕೆ, ಎಳೆಯ ಹೋರಿಯನ್ನು ನೊಗಕ್ಕೆ ಪಳಗಿಸುವುದು ಎಂಬ ಅರ್ಥ ಮೊದಲು ಇದ್ದಿರಬಹುದಲ್ಲ ಎಂದು ಕೇಳಬಹುದು. ಹಳಗನ್ನಡದಲ್ಲಿ ಈ ಎರಡು ಪದಗಳ ಅಕ್ಷರವೇ ಬೇರೆ. ಸೆಳೆಯುವ ಅರ್ಥದ ಕ್ರಿಯಾಪದ ಎೞೆ. ಹಸಿತನದ ಎಳೆಗೆ ಸಾಮಾನ್ಯ ಳಕಾರ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಬೇಕಾಯಿತೆಂದರೆ ಆ ಭೇದ ಆಗಲೇ ಜನರ ಕಿವಿಯಿಂದ ಜಾರುತ್ತಿತ್ತು. ಅಕ್ಷರ ಒಂದಾದ ಮೇಲೆ ಅರ್ಥ ತೀರ್ಮಾನಿಸುವುದು ಸಂದರ್ಭ. ಕೊಲೆಯ ಸಂದರ್ಭದಲ್ಲಿ ಪಳಗಿಸುವ ಅರ್ಥ ನಿಲ್ಲದು. ಇನ್ನು ಎಳೆಹೂಟೆಯಲ್ಲಿರುವಂತೆ ಧಾತುವಿಗೆ ನೇರವಾಗಿ ನಾಮಪದ ಸೇರುವುದು ಸುಡುಗಾಡು, ಹುರಿಗಡಲೆಗಳಲ್ಲಿ ಕಾಣುವ ಕನ್ನಡದ ಸಹಜ ಕ್ರಮವೇ.

ಪದದ ಕಾಲದ ಪ್ರಶ್ನೆ ಇದಕ್ಕಿಂತ ತೊಡಕಿನದು. ಹೂಡುವಿನ ಹಳೆಯ ರೂಪ ಪೂಡು. ಕಡು ಮತ್ತು ಪೆಳರ್ ಸೇರಿ ಕಡುವೆಳರ್ ಆಗುವ ಹಳಗನ್ನಡದ ಸಂಧಿಯಂತೆ ಈ ಸಮಾಸವೂ ಎೞೆವೂಟೆ ಆಗಬೇಕಿತ್ತು. ನಮಗೆ ಸಿಕ್ಕಿರುವುದು ಹಕಾರದ ರೂಪ. ಪಕಾರ ಹಕಾರವಾದ ಮೇಲೆ, ನಡುಗನ್ನಡದ ಬಾಯಲ್ಲಿ, ಇದು ಕೂಡಿಕೊಂಡಿರಬೇಕು. ಹಸ್ತಪ್ರತಿಗಳ ಲಿಪಿಕಾರರು ಹಕಾರಕ್ಕೆ ತಿದ್ದಿರಬಹುದೆಂದರೆ, ತಿದ್ದಲಾದರೂ ಅವರಿಗೆ ಸಮಾಸದ ಎರಡು ಭಾಗಗಳು ಬೇರೆಬೇರೆಯಾಗಿ ಕಾಣುತ್ತಿರಬೇಕು. ಆಗಲೂ ಮೇಲಿನ ಅರ್ಥವೇ ಗಟ್ಟಿಯಾಗುತ್ತದೆ. ಕಥೆಯ ಬೆಳವಣಿಗೆಯೂ ಇದಕ್ಕೆ ಒಪ್ಪುತ್ತದೆ. ಈ ಕಥೆ ಹೇಳುವ ಹಳೆಯ ಕೃತಿಗಳಲ್ಲೊಂದಾದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಮುಖ್ಯವಾಗಿ ಹೇಳುವುದು ಕಣ್ಣು ಕೀಳಿಸಿದ್ದನ್ನು. ಆನೆಯಿಂದ ಕೊಲ್ಲಿಸುವ ಪದ್ಧತಿ ಇರಲಿಲ್ಲವೆಂದಲ್ಲ. ವಿಜಯನಗರದಲ್ಲಿ ಅಪರಾಧಿಗಳನ್ನು ಆನೆಗಳ ಮುಂದೆ ಎಸೆಯುತ್ತಿದ್ದರೆಂದು 16ನೆಯ ಶತಮಾನದ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಆದರೆ ಅದು ತುಳಿಸಿ ಸೀಳಿಸುವ ಶಿಕ್ಷೆ, ಎಳೆಸುವುದಲ್ಲ.

ಪದ ಈಚಿನದೆಂದ ಮಾತ್ರಕ್ಕೆ ಶರಣರ ಮೇಲಿನ ಕ್ರೌರ್ಯ ಸುಳ್ಳಾಗುವುದಿಲ್ಲ. ಹೆಸರಿಲ್ಲದೆಯೂ ಹಿಂಸೆ ನಡೆದಿರುತ್ತದೆ. ಸತ್ತವರನ್ನು ತಲೆಮಾರುಗಟ್ಟಲೆ ನೆನೆದ ಜನ ತಮಗೆ ಗೊತ್ತಿದ್ದ ದುಡಿಮೆಯ ಮಾತಿನಲ್ಲಿ ಅದಕ್ಕೆ ಹೆಸರಿಟ್ಟರು. ಆದ್ದರಿಂದ ನಿಘಂಟುಗಳು ಎಳೆಹೂಟೆಗೆ ‘ಎಳೆಯುವ ಪ್ರಾಣಿಗೆ ಕಟ್ಟಿ ಎಳೆಸಿ ಕೊಲ್ಲುವ ಶಿಕ್ಷೆ’ ಎಂದಷ್ಟೇ ಅರ್ಥ ಕೊಟ್ಟು, ಆನೆಯ ವಿವರವನ್ನು ಕಲ್ಯಾಣದ ಕಥೆಯ ಟಿಪ್ಪಣಿಯಲ್ಲಿ ಇಡಬೇಕು.